ಹಳದಿ ಬೊಟ್ಟಿನ ಗುಂಡುಗಳು

ಬಿದ್ದ ನೆಲ ಯಾರದೆಂದು ಗುಂಡಿಗೇ ತಿಳಿಯುವಂತಿದ್ದರೆ? ನನ್ನ ಆಯುಷ್ಯದ ಬಹುಭಾಗ ಈ ಒಂದು ಪ್ರಶ್ನೆಯ ಹಿಂದೆ ಕಳೆಯಿತು.

ನಾನು ಹೊನ್ನಗಟ್ಟಿಯ ಮದ್ದುಗುಂಡಿನ ಕಾರ್ಖಾನೆಗೆ ಸೇರಿದಾಗ ನಮ್ಮ ಬಸದಿಯ ಹಿರಿಯರೊಬ್ಬರು ನನ್ನ ತಂದೆಯವರನ್ನು ತಡೆದು ಕೇಳಿದರಂತೆ: "ನೀರನ್ನೂ ಸೋಸಿ ಕುಡಿಯುವ ಮನೆತನ ನಿಮ್ಮದು. ಸಂಜೆಗತ್ತಲಾದ ಮೇಲೆ ಹುಳು ಬಿದ್ದೀತೆಂದು ಊಟ ಬಿಟ್ಟವರು. ಮಗ ಗುಂಡು ಮಾಡಲು ಹೋದನೇ?" ತಂದೆಯವರು, "ಮಾಡುವುದಕ್ಕಲ್ಲ, ಕಟ್ಟಿಹಾಕುವುದಕ್ಕೆ ಹೋಗಿದ್ದಾನೆ" ಎಂದರಂತೆ. ಅವರು ಆಡಿದ ಆ ಮಾತನ್ನು ನಿಜ ಮಾಡಬೇಕೆಂಬ ಹಟವೇ ನನ್ನನ್ನು ನಡೆಸಿತು.

ಭೂಮಿಯ ಸೆಳೆತ ಎಲ್ಲ ಕಡೆಯೂ ಒಂದೇ ಸಮನಾಗಿಲ್ಲ. ಕೆಳಗೆ ಬಂಡೆಯಿದ್ದಲ್ಲಿ ಎಳೆಯಷ್ಟು ಹೆಚ್ಚು, ಮರಳಿದ್ದಲ್ಲಿ ಎಳೆಯಷ್ಟು ಕಡಿಮೆ. ದಿಕ್ಸೂಚಿಯ ಮುಳ್ಳೂ ಊರಿಂದೂರಿಗೆ ಬೇರೆ ಬೇರೆ ವಾಲುತ್ತದೆ. ಎರಡನ್ನೂ ಕೂಡಿಸಿ ನೋಡಿದರೆ ಮನುಷ್ಯನ ಹೆಬ್ಬೆಟ್ಟಿನ ಹಾಗೆ ಪ್ರತಿ ಹೊಲಕ್ಕೂ ಒಂದು ಗುರುತಿದೆ. ಆಕಾಶದ ಉಪಗ್ರಹಗಳಿಗೆ ಸುಳ್ಳು ಹೇಳಬಹುದು. ಬಂಡೆಗೆ ಸುಳ್ಳು ಹೇಳಲಾಗದು. ಈ ಗುರುತನ್ನು ಓದಬಲ್ಲ ಹರಳೊಂದನ್ನು ಕಡಲೆಕಾಳಿನ ಗಾತ್ರಕ್ಕೆ ಇಳಿಸಿದೆವು. ಅದಕ್ಕೆ ನೆಲಬೀಗ ಎಂದು ಹೆಸರಾಯಿತು.

ಆಗ ನಮ್ಮ ಕಾರ್ಖಾನೆ ಹೊರದೇಶಗಳಿಗೆ ಕಾವಲು ಗುಂಡುಗಳನ್ನು ಕಳುಹಿಸುತ್ತಿತ್ತು. ಕಾವಲು ಗುಂಡು ಬಿದ್ದ ತಕ್ಷಣ ಸಿಡಿಯುವುದಲ್ಲ. ಫಿರಂಗಿಯಿಂದ ಹಾರಿ ನೆಲಕ್ಕೆ ಬಿದ್ದು, ಮಣ್ಣಿನಲ್ಲಿ ನೆಟ್ಟುಕೊಂಡು, ಮೇಲೆ ಯಾರಾದರೂ ಹತ್ತಿರ ಬಂದರೆ ಸಿಡಿಯುತ್ತದೆ. ತನ್ನ ಗಡಿಯೊಳಗೆ ನುಗ್ಗಿದವರನ್ನು ತಡೆಯಲು ಒಂದು ದೇಶ ಅದನ್ನು ಕೊಳ್ಳಬಹುದು. ಆದರೆ ಕೊಂಡವನು ಅದನ್ನು ನೆರೆಯವನ ಹೊಲಕ್ಕೆ ಹಾರಿಸಿದರೆ? ಅದಕ್ಕೆ ನೆಲಬೀಗ. ಗುಂಡು ಬಿದ್ದು ಅಲುಗಾಟ ನಿಂತ ಮೇಲೆ ಹರಳು ನೆಲವನ್ನು ಓದುತ್ತದೆ. ತನಗೆ ಹೇಳಿಕೊಟ್ಟ ನಕಾಶೆಯ ಒಳಗಿನ ನೆಲವಾದರೆ ಎಚ್ಚರಾಗುತ್ತದೆ. ಹೊರಗಿನದಾದರೆ ತನ್ನ ಕಿಡಿಯನ್ನು ತಾನೇ ಸುಟ್ಟುಕೊಂಡು ಮಲಗುತ್ತದೆ. ಮಲಗಿದ ಗುಂಡು ಮತ್ತೆ ಏಳುವುದಿಲ್ಲ, ಅದು ಬರೀ ಲೋಹದ ಚೊಂಬು.

ಸರ್ಕಾರ ನೆಲಬೀಗ ಕಾಯ್ದೆ ಮಾಡಿತು. ಯುದ್ಧದಲ್ಲಿರುವ ಯಾವ ದೇಶಕ್ಕೂ ಆಯುಧ ಹೋಗಕೂಡದು. ಉಳಿದ ದೇಶಗಳಿಗೆ ಹೋಗುವ ಪ್ರತಿ ಗುಂಡಿಗೂ ಬೀಗವಿರಬೇಕು. ಸಿಡಿದರೂ ಹರಳು ಒಡೆಯಬಾರದು, ಯಾರು ಬೇಕಾದರೂ ಹೆಕ್ಕಿ ಪರೀಕ್ಷಿಸುವಂತಿರಬೇಕು. ಇದನ್ನೆಲ್ಲ ನೋಡಿಕೊಳ್ಳಲು ರಫ್ತು ಅನುಮತಿ ಮಂಡಳಿ ಹುಟ್ಟಿತು. ಆ ದಿನ ನಾನು ಬಸದಿಗೆ ಹೋಗಿ ಸ್ವಾಮಿಯ ಮುಂದೆ ಬಹಳ ಹೊತ್ತು ಕುಳಿತಿದ್ದೆ.

ಬೊಟ್ಟು ಬಂದದ್ದು ಹೀಗೆ. ಆ ವರ್ಷ ಆಯುಧ ಪೂಜೆಯಲ್ಲಿ ಕಾರ್ಖಾನೆಯವರೆಲ್ಲ ಯಂತ್ರಗಳಿಗೆ ಕುಂಕುಮ ಬಳಿದು ಬೂದುಗುಂಬಳ ಒಡೆಯುತ್ತಿದ್ದರು. ನಾನು ಪಕ್ಕಕ್ಕೆ ನಿಂತು, ಬಸದಿಯ ಅಭಿಷೇಕದಿಂದ ತಂದಿದ್ದ ಅರಿಶಿನ ಗಂಧವನ್ನು ಬೆರಳಿನಲ್ಲಿ ತೆಗೆದು, ಬೀಗ ಹಾಕಿದ ಮೊದಲ ಗುಂಡಿಗೆ ಒಂದು ಬೊಟ್ಟಿಟ್ಟು, "ಯಾರನ್ನೂ ನೋಯಿಸದಿರು" ಎಂದುಕೊಂಡೆ. ಬೀಗ ಪರೀಕ್ಷೆಯ ವಿಭಾಗದ ಚೌಡಮ್ಮ ನೋಡಿಬಿಟ್ಟಳು.

"ಅದೊಂದಕ್ಕೇ ಯಾಕೆ ಸಾರ್ ಇಕ್ತೀರಾ? ಮಿಕ್ಕಿದ್ದವು ಏನು ಮಲತಾಯಿ ಮಕ್ಕಳಾ? ಬೊಟ್ಟಿಲ್ಲದ ಮಗೀಗೆ ದೃಷ್ಟಿ ಆಯ್ತದೆ."

ಅಂದಿನಿಂದ ಬೀಗದ ಪರೀಕ್ಷೆಯಲ್ಲಿ ಗೆದ್ದ ಪ್ರತಿ ಗುಂಡಿಗೂ ಆ ವಿಭಾಗದ ಹೆಂಗಸರು ಹಳದಿ ಬಣ್ಣದಲ್ಲಿ ಬೆರಳದ್ದಿ ಬೊಟ್ಟಿಡತೊಡಗಿದರು. ಮುದ್ರೆ ಒತ್ತುವ ಯಂತ್ರ ತರಿಸಿದರೆ ಚೌಡಮ್ಮ ಅದಕ್ಕೆ ಬಟ್ಟೆ ಮುಚ್ಚಿಟ್ಟಳು. ಕೊನೆಗೆ ಮಂಡಳಿಯೂ ಒಪ್ಪಿಕೊಂಡಿತು. ಬೀಗವಿದೆ ಎಂಬುದಕ್ಕೆ ಹಳದಿ ಬೊಟ್ಟೇ ಗುರುತು ಎಂದು ಕಾನೂನಿನಲ್ಲಿ ಸೇರಿತು.

*

ನನಗೆ ಒಬ್ಬಳೇ ಮಗಳು, ಸುಪ್ರಭಾ. ಮನೆಯಲ್ಲಿ ಸುಪ್ಪಿ. ಕೃತಕ ಕಾಲು ಮಾಡುವ ವಿದ್ಯೆ ಕಲಿತಳು. ಕಾಲು ಕಳೆದುಕೊಂಡವರು ಎಲ್ಲಿ ಹೆಚ್ಚೋ ಅಲ್ಲಿಗೆ ಹೋಗುತ್ತೇನೆಂದು ಮಾರೂಶ ದೇಶಕ್ಕೆ ಹೋದಳು. ಅಲ್ಲಿ ನದಿಯಾಚೆಯ ಕಣಿವೆಯಲ್ಲಿ ಒಂದು ಧರ್ಮಾಸ್ಪತ್ರೆ. ನದಿಯ ಈಚೆ ದೋರಾನ ದೇಶ. ದೋರಾನ ನಮ್ಮಿಂದ ಕಾವಲು ಗುಂಡು ಕೊಳ್ಳುವ ದೇಶ.

ಅವಳು ಹೋದ ಮರುವರ್ಷ ದೋರಾನ ಕಣಿವೆ ತನ್ನದೆಂದು ಹಕ್ಕು ಹೇಳಿ ಗುಂಡು ಹಾರಿಸತೊಡಗಿತು. ನನ್ನ ಹೆಂಡತಿ ಸರಸ್ವತಿ ಊಟ ಬಿಟ್ಟಳು. ಆದರೆ ವಾರದೊಳಗೆ ಫೋನಿನ ಪರದೆಯಲ್ಲಿ ಸುಪ್ಪಿ ನಗುತ್ತ ಕಾಣಿಸಿಕೊಂಡಳು. ಅವಳ ಕೈಯಲ್ಲಿ ಬೆಳ್ಳಗೆ ಹೊಳೆಯುವ ಕೊಳವೆಯೊಂದಿತ್ತು.

"ಅಪ್ಪಾ, ಇದೇನು ಹೇಳಿ ನೋಡೋಣ."

"ಕಾಲಿನ ಕೊಳವೆ."

"ಯಾವ ಲೋಹ?"

ನಾನು ಕನ್ನಡಕ ಸರಿಮಾಡಿಕೊಂಡೆ. ಕೊಳವೆಯ ತುದಿಯಲ್ಲಿ ಹಳದಿ ಬೊಟ್ಟಿನ ಅರ್ಧ ಉಳಿದಿತ್ತು.

"ನಿಮ್ಮ ಗುಂಡು ಅಪ್ಪಾ! ಆಸ್ಪತ್ರೆಯ ಅಂಗಳಕ್ಕೆ ಬಿದ್ದು ಮಲಗಿಬಿಟ್ಟಿತು. ಬೇರೆ ದೇಶದ ಗುಂಡುಗಳೂ ಬೀಳುತ್ತವೆ, ಅವು ಸಿಡಿಯುತ್ತವೆ. ಬೊಟ್ಟಿನವು ಮಾತ್ರ ಮಲಗುತ್ತವೆ. ಒಳ್ಳೇ ಹಗುರ ಲೋಹ. ಒಂದು ಗುಂಡಿಗೆ ಒಂದು ಕಾಲು. ಊರಿನವರಿಗೂ ಹೇಳಿಕೊಟ್ಟಿದ್ದೇನೆ, ಬೊಟ್ಟು ನೋಡಿ ಹೆಕ್ಕಿ ತರುತ್ತಾರೆ. ನಿಮ್ಮ ಫೋಟೊ ಆಸ್ಪತ್ರೆಯ ಗೋಡೆಯ ಮೇಲೆ ಹಾಕಿದ್ದೇನೆ ಗೊತ್ತಾ? ನಿಮಗೆ ಇಲ್ಲಿ ಲೂಮೆ ತಾತ ಅಂತ ಹೆಸರು."

"ಹಾಗೆಂದರೆ?"

"ಲೂಮೆ ಅಂದರೆ ನಿದ್ದೆ. ನಿದ್ದೆ ತಾತ. ಸರಿಯಾಗೇ ಇದೆ, ಪೇಪರು ಓದುತ್ತಾ ಗೊರಕೆ ಹೊಡೆಯುತ್ತೀರಲ್ಲ."

ಹಿಂದಿನಿಂದ ಸರಸ್ವತಿ, "ಮಗಳೇ, ನೀರು ಸೋಸಿ ಕುಡಿಯುತ್ತಿದ್ದೀಯಾ?" ಎಂದಳು.

"ಅಮ್ಮಾ, ಇಲ್ಲಿ ನೀರು ಸಿಕ್ಕರೆ ಸಾಕು. ಆದರೂ ನೀನು ಕೊಟ್ಟ ಬಟ್ಟೆ ಇದೆ."

ಅವಳು ಪ್ರತಿ ಭಾನುವಾರ ನನಗೆ ಆ ಭಾಷೆಯ ಒಂದೊಂದು ಮಾತು ಕಲಿಸುತ್ತಿದ್ದಳು. ಸೂವಾ ಎಂದರೆ ನೀರು. ಓಶ್ ಎಂದರೆ ಇಲ್ಲ. ಮಕ್ಕಳಿಗೆ ಮೊದಲು ಕಲಿಸುವ ಮಾತು ತಶಾ, ಓಡು. "ತಶಾ ಅಂದರೆ ಯಾಕೆ ಅಂತ ಕೇಳೋ ಹಾಗಿಲ್ಲ ಅಪ್ಪಾ. ಮೊದಲು ಓಡಬೇಕು, ಆಮೇಲೆ ಕೇಳಬೇಕು." ನಾನು ಅದನ್ನು ಹೇಳಿದಾಗ, "ನಿಮ್ಮ ತಶಾ ಕೇಳಿದರೆ ಯಾರೂ ಓಡಲ್ಲ, ಕೂತು ಪ್ರವಚನ ಕೇಳುತ್ತಾರೆ" ಎಂದು ನಕ್ಕು, ಗಟ್ಟಿಯಾಗಿ ಹೇಳಿಸಿದಳು. ಸರಸ್ವತಿ ಒಳಗಿನಿಂದ ಓಡಿಬಂದಳು.

ಬಿದ್ದವು ಮಲಗುವುದನ್ನು ಕಂಡು ದೋರಾನದವರು ನಮ್ಮ ಗುಂಡುಗಳನ್ನು ಹಾರಿಸುವುದನ್ನೇ ಬಿಟ್ಟರು. ಬೇಸಿಗೆಯೆಲ್ಲ ಬೊಟ್ಟಿನ ಗುಂಡು ಬರಲಿಲ್ಲ. ಸುಪ್ಪಿಗೆ ಲೋಹದ ಚಿಂತೆ. ಆಷಾಢದ ಮೊದಲಲ್ಲಿ ಅವಳ ಮುಖ ಮತ್ತೆ ಅರಳಿತ್ತು. "ನಿಮ್ಮವು ಮತ್ತೆ ಬರತೊಡಗಿವೆ ಅಪ್ಪಾ! ನಿನ್ನೆ ಸಂಜೆ ತೋಟದ ಪಕ್ಕ ಹಳದಿ ಬೊಟ್ಟು ಕಂಡೆ. ಎರಡು ಮಕ್ಕಳು ಕಾಲಿಗೆ ಕಾಯುತ್ತಾ ಇದ್ದಾರೆ. ಬೆಳಿಗ್ಗೆ ಹೋಗಿ ತರುತ್ತೇನೆ."

ಅದೇ ಅವಳ ಕೊನೆಯ ಮಾತು.

*

ಸುದ್ದಿ ತಂದವನು ಗವಿಸಿದ್ಧ.

ಗವಿಸಿದ್ಧ ಕೊಪ್ಪಳದ ಕಡೆಯ ಹುಡುಗ. ನನ್ನ ಕೈಕೆಳಗೆ ತರಬೇತಿಗೆ ಬಂದು, ನಮ್ಮ ಮನೆಯಲ್ಲಿ ಉಂಡು, ಸುಪ್ಪಿಗೆ ಸೈಕಲ್ ಕಲಿಸಿ, ಅವಳಿಂದ ಗವಿಯಣ್ಣ ಎನಿಸಿಕೊಂಡವನು. ಈಗ ಮಂಡಳಿಯ ಅಧ್ಯಕ್ಷ. ಯಾವ ದೇಶ ಯುದ್ಧದಲ್ಲಿದೆ, ಯಾವುದು ಇಲ್ಲ ಎಂದು ಬರೆಯುವ ಕೈ ಅವನದು. ಅವನು ನಮ್ಮ ಹೊಸಿಲಲ್ಲಿ ಕುಸಿದು ಕೂತು, "ಅಮ್ಮಾ, ಸುಪ್ಪಿ ಹೋದಳ್ರೀ" ಎಂದು ಅತ್ತ. ನನ್ನ ಕೈ ಹಿಡಿದು, "ಬ್ಯಾರೆ ದೇಶದ ಗುಂಡು ಸಾರ್. ಬೊಟ್ಟಿಲ್ಲದ್ದು. ನಮ್ಮದಲ್ಲ" ಎಂದ.

ನಮ್ಮದಲ್ಲ ಎಂಬ ಒಂದು ಮಾತನ್ನು ಹಿಡಿದುಕೊಂಡು ನಾನು ಆ ತಿಂಗಳುಗಳನ್ನು ದಾಟಿದೆ. ಪರಿಹಾರ ಸಾಮಗ್ರಿ ಒಯ್ಯುವ ವಾಹನದಲ್ಲಿ ಅವಳ ದೇಹ ಬಂತು, ಜೊತೆಗೆ ಅವಳ ಹತಾರದ ಚರ್ಮದ ಚೀಲ. ಆಮೇಲೆ ಕಣಿವೆಯ ದಾರಿ ಮುಚ್ಚಿತು. ದೋರಾನ ಅಲ್ಲಿನ ಫೋನಿನ ಸಂಪರ್ಕವನ್ನೆಲ್ಲ ಕತ್ತರಿಸಿತು. ದೂರದರ್ಶನ ಮಾತ್ರ ಬಿಟ್ಟಿತ್ತು. ತನ್ನ ಮಾತು ಅಲ್ಲಿಗೆ ತಲುಪಬೇಕಲ್ಲ. ಚೀಲವನ್ನು ಬಿಚ್ಚುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ದೇವರ ಮನೆಯ ಮೂಲೆಯಲ್ಲಿ ಇಟ್ಟೆವು.

ಭಾದ್ರಪದದಲ್ಲಿ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿ ಬಂತು. ನಮ್ಮಲ್ಲಿ ಅದು ಎಲ್ಲ ಜೀವಿಗಳ ಕ್ಷಮೆ ಬೇಡಿ, ಎಲ್ಲರನ್ನೂ ಕ್ಷಮಿಸುವ ದಿನ. ಮನೆಗೆ ಬಂದವರು ಕೈಮುಗಿದು, ವರ್ಷದಲ್ಲಿ ಮನಸ್ಸಿನಿಂದಲೋ ಮಾತಿನಿಂದಲೋ ಕೆಲಸದಿಂದಲೋ ತಪ್ಪಾಗಿದ್ದರೆ ಕ್ಷಮಿಸಿ ಎನ್ನುತ್ತಾರೆ. ಏನು ತಪ್ಪು ಎಂದು ನಾವು ಕೇಳುವುದಿಲ್ಲ. ಕೇಳುವುದು ಅವಮರ್ಯಾದೆ. ಕ್ಷಮಿಸಿದ್ದೇನೆ ಎನ್ನುತ್ತೇವೆ, ನಾವೂ ಬೇಡುತ್ತೇವೆ. ಗವಿಸಿದ್ಧ ಜೈನನಲ್ಲದಿದ್ದರೂ ಪ್ರತಿ ವರ್ಷ ತಪ್ಪದೆ ಬರುತ್ತಿದ್ದ. "ಸಾರ್, ಈ ವರ್ಷ ನಿಮ್ಮ ಮನಿ ಹೋಳಿಗಿ ಭಾಳ ತಿಂದೇನಿ, ಕ್ಷಮಿಸಿಬಿಡ್ರಿ" ಎಂದು ತಮಾಷೆ ಮಾಡುತ್ತಿದ್ದ.

ಆ ವರ್ಷ ತಮಾಷೆ ಮಾಡಲಿಲ್ಲ. ನೆಲಕ್ಕೆ ಹಣೆಯಿಟ್ಟ. "ಸಾರ್, ನನ್ನಿಂದ ತಪ್ಪಾಗೇತಿ. ಕ್ಷಮಿಸ್ರಿ." ಅವನ ಬೆನ್ನು ನಡುಗುತ್ತಿತ್ತು. ತಂಗಿಯನ್ನು ಕಳೆದುಕೊಂಡವನ ದುಃಖ ಎಂದು ತಿಳಿದೆ. ತಲೆ ಸವರಿ, "ಕ್ಷಮಿಸಿದ್ದೇನೆ ಏಳಪ್ಪ. ನೀನೂ ನನ್ನನ್ನು ಕ್ಷಮಿಸು" ಎಂದೆ. ಸರಸ್ವತಿಯೂ ಹಾಗೆಯೇ ಹೇಳಿ, ಅವನಿಗೆ ಪಾಯಸ ಬಡಿಸಿದಳು. ಅವನು ತಲೆಯೆತ್ತದೆ ತಿಂದ.

*

ಆ ದಿನದ ಮಾತುಗಳಿಂದ ಸರಸ್ವತಿಗೆ ಸ್ವಲ್ಪ ಬಲ ಬಂದಿರಬೇಕು. ಮರುದಿನ ಬೆಳಿಗ್ಗೆ ತಾನಾಗಿಯೇ ಚೀಲವನ್ನು ತೆಗೆದು ಒದ್ದೆ ಬಟ್ಟೆಯಿಂದ ಒರೆಸತೊಡಗಿದಳು. ನಾನು ಜಪದಲ್ಲಿದ್ದೆ.

"ರೀ, ಸ್ವಲ್ಪ ಬನ್ನಿ. ಚೀಲದ ಪಟ್ಟಿಯಲ್ಲಿ ಏನೋ ಚುಚ್ಚಿಕೊಂಡಿದೆ. ಕಡಲೆಕಾಳಿನ ಹಾಗಿದೆ."

ಅವಳ ಬೆರಳಿನಿಂದ ರಕ್ತ ಬರುತ್ತಿತ್ತು. ದಪ್ಪ ಚರ್ಮದೊಳಗೆ ಹುದುಗಿದ್ದ ಅದನ್ನು ನಾನು ಸೂಜಿಯಿಂದ ಎಬ್ಬಿಸಿದೆ. ಅಂಗೈಯಲ್ಲಿಟ್ಟು ನೋಡಿದೆ. ನಾನು ಹೆತ್ತ ವಸ್ತುವನ್ನು ನಾನು ಗುರುತಿಸದೆ ಇರುವೆನೇ? ಅದು ನೆಲಬೀಗದ ಹರಳು. ಅದಕ್ಕೆ ಅಂಟಿಕೊಂಡಿದ್ದ ಲೋಹದ ಚೂರಿನ ಮೇಲೆ ಉಗುರಿನಷ್ಟು ಹಳದಿ.

"ಏನದು?" ಎಂದಳು ಸರಸ್ವತಿ.

"ನೋಡಿ ಹೇಳುತ್ತೇನೆ" ಎಂದಷ್ಟೇ ಹೇಳಿ ಎದ್ದೆ.

ನಮ್ಮ ಪ್ರಯೋಗಶಾಲೆ ಹೊನ್ನಗಟ್ಟಿಯ ಮುಚ್ಚಿದ ಚಿನ್ನದ ಗಣಿಯ ತಳದಲ್ಲಿದೆ. ಮೇಲಿನ ಲಾರಿಗಳ ಅದುರು, ಗಾಳಿಯ ಬಡಿತ ಯಾವುದೂ ಅಲ್ಲಿಗೆ ಇಳಿಯುವುದಿಲ್ಲ. ಹರಳು ಮಾತಾಡಲು ಅಂಥ ನಿಶ್ಶಬ್ದ ಬೇಕು. ನಿವೃತ್ತನಾಗಿದ್ದರೂ ಸಲಹೆಗಾರನೆಂದು ನನಗೆ ಒಳಗೆ ಹೋಗುವ ಅಧಿಕಾರವಿತ್ತು. ಪಂಜರದ ಲಿಫ್ಟಿನಲ್ಲಿ ಇಳಿಯುವಾಗ ಕಲ್ಲಿನ ಗೋಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಪಂಚ ನಮಸ್ಕಾರವನ್ನು ಹೇಳಿಕೊಳ್ಳುತ್ತಿದ್ದೆ. ಬೀಗ ಕೆಟ್ಟಿರಲಿ ಎಂದು ಬೇಡಿದೆ. ಯಾವುದೋ ಒಂದು ಹರಳು ಸೀಳಿ ಹೋಗಿ, ನೆಲವನ್ನು ತಪ್ಪಾಗಿ ಓದಿರಲಿ. ಯಂತ್ರ ಕೆಡುತ್ತದೆ, ಅದರಲ್ಲಿ ಕೇಡಿನ ಬುದ್ಧಿಯಿಲ್ಲ.

ಹರಳನ್ನು ತಣ್ಣನೆಯ ತಟ್ಟೆಯ ಮೇಲಿಟ್ಟು ವಿದ್ಯುತ್ ಹಾಯಿಸಿದೆ. ಪರದೆಯ ಮೇಲೆ ಅದಕ್ಕೆ ಕಲಿಸಿದ ನಕಾಶೆ ಗೆರೆಗೆರೆಯಾಗಿ ಮೂಡಿತು. ಹರಳಿನಲ್ಲಿ ಒಂದು ಸೀಳೂ ಇರಲಿಲ್ಲ. ನೆಲವನ್ನು ಸರಿಯಾಗಿಯೇ ಓದಿತ್ತು. ದೋರಾನದ ಎಲ್ಲೆ ನದಿಯಲ್ಲಿ ನಿಲ್ಲಬೇಕಿತ್ತು. ನಾನೇ ಎಳೆದ ಗೆರೆ ಅದು. ಈ ಗೆರೆ ನದಿಯನ್ನು ದಾಟಿತ್ತು. ಕಣಿವೆಯನ್ನು ಬಳಸಿ, ಗುಡ್ಡದ ನೆತ್ತಿಯವರೆಗೆ ಹೋಗಿ, ಹಿಂದಿರುಗಿತ್ತು. ಊರು, ತೋಟ, ಆಸ್ಪತ್ರೆ, ಎಲ್ಲ ಒಳಗೆ.

ಬೀಗವನ್ನು ಯಾರೂ ಒಡೆದಿರಲಿಲ್ಲ. ಅದಕ್ಕೆ ಸುಳ್ಳು ಕಲಿಸಿದ್ದರು. ಬಂಡೆಗೆ ಸುಳ್ಳು ಹೇಳಲಾಗದೆಂದು ನಾನು ನೆಚ್ಚಿಕೊಂಡಿದ್ದೆ. ಬಂಡೆ ಯಾರದೆಂದು ಬರೆಯುವುದು ಮನುಷ್ಯರ ಕೈಯಲ್ಲಿತ್ತು.

*

ಮಂಡಳಿಯ ನಿಯಂತ್ರಣ ಕೋಣೆಯಲ್ಲಿ ಒಂದು ಗೋಡೆಯಷ್ಟು ದೊಡ್ಡ ಭೂಪಟವಿದೆ. ಯುದ್ಧದಲ್ಲಿರುವ ದೇಶಗಳು ಅದರಲ್ಲಿ ಕೆಂಪಗೆ ಉರಿಯುತ್ತವೆ. ದೋರಾನ ತಿಳಿ ಹಸಿರಾಗಿತ್ತು.

ನಾನು ಹರಳನ್ನು ಗವಿಸಿದ್ಧನ ಮೇಜಿನ ಮೇಲಿಟ್ಟೆ. ಅವನು ಅದನ್ನು ಮುಟ್ಟಲಿಲ್ಲ. ಎದ್ದುಹೋಗಿ ಬಾಗಿಲು ಹಾಕಿ ಬಂದ.

"ಸುಪ್ಪಿಯ ಚೀಲದಲ್ಲಿತ್ತು" ಎಂದೆ.

"ಸಾರ್..."

"ದೋರಾನ ಯುದ್ಧದಲ್ಲಿಲ್ಲವೇ ಗವಿ?"

"ಕಾಗದದ ಪ್ರಕಾರ ಇಲ್ರೀ. ಕಣಿವಿ ಅದರದ ಅಂತ ನಮ್ಮ ಸರ್ಕಾರ ಒಳಗಿಂದೊಳಗ ಒಪ್ಪೇತಿ. ತನ್ನ ನೆಲದಾಗ ತಾನು ಕಾವಲು ಹಾಕೋದು ಯುದ್ಧ ಅಲ್ಲ. ಕಾಯ್ದೆ ಮುರಿದಿಲ್ಲ ಸಾರ್. ಬೀಗ ಐತಿ. ಪರೀಕ್ಷೆ ಐತಿ. ಎಲ್ಲಾ ನೀವು ಮಾಡಿಟ್ಟಂಗ ಐತಿ."

"ಬೊಟ್ಟು?"

ಅವನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದ.

"ಬೊಟ್ಟನ್ನಾದರೂ ತೆಗೆಯಬಹುದಿತ್ತಲ್ಲ. ಅಲ್ಲಿಯವರು ದೂರ ಸರಿಯುತ್ತಿದ್ದರು."

"ಹೇಳಿದೆ ಸಾರ್. ದೇವರಾಣೆ ಹೇಳಿದೆ." ಅವನ ದನಿ ಇಳಿಯಿತು. "ದೋರಾನದವರು ಒಪ್ಪಲಿಲ್ಲ. ಬೊಟ್ಟು ಇರಬೇಕು ಅಂದ್ರು. ಬೊಟ್ಟು ಕಂಡ್ರ ಜನ ತಾವಾಗೇ ಹತ್ರ ಬರ್ತಾರಲ್ರೀ, ಅದಕ್ಕಂತನ ಬಂದಾರ ಅವರು."

ಗೋಡೆಯ ಮೇಲಿನ ಹಸಿರನ್ನು ನೋಡುತ್ತ ನಿಂತೆ. ಚೌಡಮ್ಮನ ವಿಭಾಗದ ಹೆಂಗಸರು ಮಗುವಿನ ಕೆನ್ನೆಗೆ ಇಡುವಂತೆ ಇಟ್ಟ ಬೊಟ್ಟು. ಅದನ್ನೇ ಕೊಂಡಿದ್ದರು.

"ಸುಪ್ಪಿ ಅಲ್ಲಿದ್ದಾಳೆಂದು ನಿನಗೆ ಗೊತ್ತಿತ್ತು."

"ವಾಪಸ್ ಬಾ ಅಂತ ಎರಡು ಸಲ ಫೋನ್ ಮಾಡಿದ್ನಿ ಸಾರ್. 'ಗವಿಯಣ್ಣ, ನಿನಗ ನಮ್ಮಪ್ಪನ ಬೀಗದ ಮ್ಯಾಲೆ ನಂಬಿಕಿ ಇಲ್ಲೇನು' ಅಂತ ನಕ್ಕಳು. ಖರೆ ಹೇಳಿದ್ರ ಸರ್ಕಾರದ ಗುಟ್ಟು ಹೊರಗ ಬರತಿತ್ತು. ಆಗ ನಾನೂ ಉಳಿತಿರಲಿಲ್ಲ, ಕಾರ್ಖಾನಿನೂ ಉಳಿತಿರಲಿಲ್ಲ."

"ಬೊಟ್ಟಿಲ್ಲದ ಗುಂಡು ಎಂದು ನನಗೆ ಹೇಳಿದೆ."

ಅವನು ಮುಖ ಮುಚ್ಚಿಕೊಂಡ. ಆಮೇಲೆ ಕೈ ತೆಗೆದು, ಮಗುವಿನಂತೆ ನನ್ನನ್ನು ನೋಡಿ, "ನೀವು ಕ್ಷಮಿಸೀರಿ ಸಾರ್. ಅಮ್ಮನೂ ಕ್ಷಮಿಸ್ಯಾರ" ಎಂದ.

ನಾನು ಹರಳನ್ನು ಎತ್ತಿಕೊಂಡೆ. ನನ್ನ ಮಗಳನ್ನು ಕೊಂದದ್ದಕ್ಕೆ ಕ್ಷಮೆಯನ್ನು ಅವನು ಮೊದಲೇ ಪಡೆದುಕೊಂಡಿದ್ದ. ಏನು ತಪ್ಪೆಂದು ಕೇಳದ ನಮ್ಮ ಮರ್ಯಾದೆ ಅವನಿಗೆ ಗೊತ್ತಿತ್ತು. ನಮ್ಮ ಮನೆಯಲ್ಲೇ ಕಲಿತದ್ದು.

"ಅಲ್ಲಿನ ಜನ ಈಗಲೂ ಬೊಟ್ಟಿನವನ್ನು ಹೆಕ್ಕುತ್ತಿರುತ್ತಾರೆ" ಎಂದೆ. "ಅವಳು ಸತ್ತದ್ದು ಬೇರೆ ಗುಂಡಿನಿಂದ ಎಂದು ದೂರದರ್ಶನದಲ್ಲಿ ಅವರಿಗೂ ಹೇಳಿಸಿದ್ದೀರಿ, ಅಲ್ಲವೇ?"

ಅವನು ಬೇರೆಯೇ ಮಾತು ತೆಗೆದ. ಆಯುಧ ಪೂಜೆಯ ದಿನ ದೋರಾನದ ಸೇನಾಧಿಕಾರಿಗಳು ಬರುತ್ತಾರೆ. ಆ ಕಡೆಯ ದೇಶಗಳಿಗೆಲ್ಲ ದೂರದರ್ಶನದಲ್ಲಿ ನೇರ ಪ್ರಸಾರವಿದೆ, ಮಾರೂಶಕ್ಕೂ. ನೆಲಬೀಗದ ಜನಕ ತನ್ನ ಕೈಯಾರೆ ಹೊಸ ಕಂತಿನ ಗುಂಡಿಗೆ ಬೊಟ್ಟಿಡುತ್ತಾನೆಂದು ಎಲ್ಲ ಕಡೆ ಸಾರಿಯಾಗಿದೆ. "ನೀವು ಬರಲಿಲ್ಲ ಅಂದ್ರ ಜನ ಪ್ರಶ್ನೆ ಕೇಳ್ತಾರ. ಮಾತು ಬ್ಯಾಡ ಸಾರ್. ಬರೇ ಬಂದು ನಿಲ್ಲ್ರಿ. ಸುಪ್ಪಿ ಹೆಸರಲೆ ಒಂದು ಆಸ್ಪತ್ರಿ ಕಟ್ಟಸ್ತೀನಿ."

"ಬರುತ್ತೇನೆ" ಎಂದೆ.

ಅಷ್ಟೇ ಹೇಳಿದೆ. ಜೀವಮಾನದಲ್ಲಿ ಸುಳ್ಳಾಡಿದವನಲ್ಲ ನಾನು. ಅಂದೂ ಆಡಲಿಲ್ಲ.

*

ಅಲ್ಲಿಂದ ಹಿಂದಿರುಗುವಾಗ ಎರಡು ಪತ್ರಿಕೆಗಳ ಕಚೇರಿಗೆ ಹೋದೆ. ಮಂಡಳಿಯ ವಿಷಯ ಅಚ್ಚು ಹಾಕಿದರೆ ಸೆರೆಮನೆ ಎಂದು ಸಂಪಾದಕರಿಬ್ಬರೂ ನಯವಾಗಿ ಹೇಳಿ, ಚಹಾ ತರಿಸಿದರು. ಕಣಿವೆಯ ಆಸ್ಪತ್ರೆಯ ಫೋನು ಸತ್ತೇ ಇತ್ತು.

ಮನೆಯಲ್ಲಿ ಸರಸ್ವತಿಗೆ ಎಲ್ಲ ಹೇಳಿದೆ. ಅವಳು ಅಳಲಿಲ್ಲ. ಹಿತ್ತಲಿಗೆ ಹೋಗಿ, ಗವಿಸಿದ್ಧ ಪಾಯಸ ಉಂಡಿದ್ದ ಬಟ್ಟಲನ್ನು ಹುಣಿಸೆಹಣ್ಣು ಹಾಕಿ ತಿಕ್ಕಿದಳು. ಮತ್ತೆ ತಿಕ್ಕಿದಳು. ಆಮೇಲೆ ಕೇಳಿದಳು: "ಅಲ್ಲಿ ಕಾಲಿಗೆ ಕಾಯುತ್ತಿದ್ದ ಆ ಎರಡು ಮಕ್ಕಳು?"

"ಗೊತ್ತಿಲ್ಲ."

"ಅವಕ್ಕೆ ಹೇಗೆ ಹೇಳುತ್ತೀರಿ?"

"ನನ್ನ ಮುಖ ಅವಕ್ಕೆ ಗೊತ್ತಿದೆ" ಎಂದೆ. "ಸುಪ್ಪಿ ಗೋಡೆಗೆ ಹಾಕಿದ್ದಾಳೆ."

ಆಯುಧ ಪೂಜೆಯ ಬೆಳಿಗ್ಗೆ ಅವಳು ನನಗೆ ಬಿಳಿ ಪಂಚೆ, ಶಲ್ಯ ತೆಗೆದುಕೊಟ್ಟು, ನೀರು ಸೋಸುವ ಬಟ್ಟೆಯನ್ನು ಮಡಿಸಿ ಜೇಬಿಗಿಟ್ಟಳು. "ಬಿಸಿಲಿದೆ. ಅಲ್ಲಿ ನೀರು ಕುಡಿಯಬೇಕಾದರೆ ಇರಲಿ."

ಕಾರ್ಖಾನೆಯ ಅಂಗಳದಲ್ಲಿ ಚಪ್ಪರ, ಚೆಂಡುಹೂವಿನ ತೋರಣ, ಬೂದುಗುಂಬಳ. ಉದ್ದನೆಯ ಮೇಜಿನ ಮೇಲೆ ಹೊಸ ಗುಂಡುಗಳ ಸಾಲು. ಹೆಂಗಸರು ಆಗಲೇ ಬೊಟ್ಟಿಟ್ಟಿದ್ದರು, ಬಣ್ಣ ಇನ್ನೂ ಹಸಿಯಾಗಿತ್ತು. ನಡುವಿನದೊಂದು ನನಗಾಗಿ ಬರಿದಾಗಿತ್ತು. ಚೌಡಮ್ಮ ಬಣ್ಣದ ಡಬ್ಬಿ ಹಿಡಿದು ನಿಂತಿದ್ದಳು. ಕಣ್ಣೊರೆಸಿಕೊಂಡು, "ನಮ್ಮ ಸುಪ್ಪಿ ಸಣ್ಣಮ್ಮನ ನೆನಪಾಯ್ತದೆ ಸಾರ್. ಇಕ್ಕಿ, ನಿಮ್ಮ ಕೈ ತಂಪು" ಎಂದಳು. ದೋರಾನದ ಅಧಿಕಾರಿ ಕೈಮುಗಿದ. ಗವಿಸಿದ್ಧ ನನ್ನ ಪಕ್ಕದಲ್ಲಿ ನಿಂತು ಮುಗುಳ್ನಗಲು ಪ್ರಯತ್ನಿಸುತ್ತಿದ್ದ. ಕ್ಯಾಮೆರಾದ ಕೆಂಪು ದೀಪ ಹತ್ತಿತು. ಯಾರೋ ಮೈಕನ್ನು ನನ್ನ ಶಲ್ಯಕ್ಕೆ ಸಿಕ್ಕಿಸಿದರು.

ನಾನು ಡಬ್ಬಿಗೆ ಬೆರಳು ಅದ್ದಲಿಲ್ಲ. ಜೇಬಿನಿಂದ ಸೋಸುವ ಬಟ್ಟೆಯನ್ನು ತೆಗೆದು, ಪಕ್ಕದ ಗುಂಡಿನ ಹಸಿ ಬೊಟ್ಟನ್ನು ಒರೆಸಿದೆ. ಅದರ ಪಕ್ಕದ್ದನ್ನು ಒರೆಸಿದೆ. ಮೂರನೆಯದನ್ನು ಒರೆಸುವಾಗ ಗವಿಸಿದ್ಧ ನನ್ನ ಮಣಿಕಟ್ಟನ್ನು ಹಿಡಿದ. ನಾನು ಕ್ಯಾಮೆರಾ ನೋಡಿ, ಹಳದಿ ಹತ್ತಿದ ಬಟ್ಟೆಯನ್ನು ಮತ್ತೊಂದು ಕೈಯಿಂದ ಎತ್ತಿ ಹಿಡಿದು, ಮಗಳು ಕಲಿಸಿದ ಮಾತುಗಳನ್ನು ಹೇಳಿದೆ.

"ಲೂಮೆ ಓಶ್. ಲೂಮೆ ಓಶ್. ತಶಾ!"

ನಿದ್ದೆಯಿಲ್ಲ. ಓಡಿ. ಅವಳು ಬಯಸಿದಷ್ಟು ಗಟ್ಟಿಯಾಗಿ ಹೇಳಿದೆ. ಮೈಕು ಸತ್ತ ಮೇಲೂ ಹೇಳಿದೆ. ಕೆಂಪು ದೀಪ ಆರಿದ ಮೇಲೂ ಹೇಳಿದೆ.

"ಏನಂದ್ರಿ ಸಾರ್?" ಎಂದಳು ಚೌಡಮ್ಮ ಗಾಬರಿಯಿಂದ.

"ಬೊಟ್ಟು ಸುಳ್ಳಾಯಿತು ಚೌಡಮ್ಮ. ಬೀಗಕ್ಕೆ ಬೇರೆ ನೆಲ ಕಲಿಸಿದ್ದಾರೆ. ಸುಪ್ಪಿ ಸತ್ತದ್ದು ನಮ್ಮ ಬೊಟ್ಟಿನ ಗುಂಡಿನಿಂದ."

ಅವಳು ಗವಿಸಿದ್ಧನ ಮುಖವನ್ನು ನೋಡಿದಳು. ಅಲ್ಲಿ ಕಂಡದ್ದೇ ಸಾಕಾಯಿತೇನೋ. ಡಬ್ಬಿಯ ಮುಚ್ಚಳ ಹಾಕಿ, ನೆಲಕ್ಕಿಟ್ಟು, ಹಿಮ್ಮಡಿಯಿಂದ ಒತ್ತಿ ಬಿಗಿ ಮಾಡಿದಳು.

*

ನನ್ನನ್ನು ಕೆಲವು ಕಾಲ ಒಳಗಿಟ್ಟು, ವಯಸ್ಸು ನೋಡಿ ಮನೆಗೆ ಕಳುಹಿಸಿದರು. ಬಾಗಿಲ ಮುಂದೆ ಪೊಲೀಸು ಜೀಪು ನಿಂತಿತು. ಬೊಟ್ಟಿಡುವ ಕೆಲಸಕ್ಕೆ ಮುದ್ರೆಯ ಯಂತ್ರ ಬಂತೆಂದು ಕೇಳಿದೆ. ಕಾಯ್ದೆ ಹಾಗೆಯೇ ಇದೆ. ಭೂಪಟದಲ್ಲಿ ದೋರಾನ ಈಗಲೂ ಹಸಿರೇ ಇರಬೇಕು.

ಬೇಸಿಗೆಯಲ್ಲಿ ಪರಿಹಾರದ ವಾಹನಕ್ಕೆ ಕಣಿವೆಯ ದಾರಿ ತೆರೆದಾಗ, ಅಲ್ಲಿನ ವೈದ್ಯೆ ಇಲ್ಮಾ ಯಾರದೋ ಫೋನಿನಿಂದ ಮಾತಾಡಿದಳು. ಅವಳೂ ನಾನೂ ಹರಕು ಇಂಗ್ಲಿಷಿನವರು. ಆಯುಧ ಪೂಜೆಯ ಆ ದಿನ ಊರಿನವರು ದೂರದರ್ಶನದಲ್ಲಿ ನನ್ನನ್ನು ನೋಡಿದರಂತೆ. ಹಳದಿ ಬಟ್ಟೆ ನೋಡಿ, ತಶಾ ಕೇಳಿ, ಏಕೆಂದು ಕೇಳದೆ ಎದ್ದರಂತೆ. ಮಾರನೆಯ ದಿನ ಹೆಕ್ಕಬೇಕೆಂದು ಹೊಲದಲ್ಲಿ ಗುರುತಿಟ್ಟಿದ್ದ ಗುಂಡುಗಳ ಹತ್ತಿರ ಯಾರೂ ಹೋಗಲಿಲ್ಲ. ಕಾಲಿಗೆ ಕಾಯುತ್ತಿದ್ದ ಮಕ್ಕಳು ಇದ್ದಾರೆ, ಇನ್ನೂ ಕಾಯುತ್ತಲೇ ಇದ್ದಾರೆ.

"ನನ್ನ ಫೋಟೊ?" ಎಂದು ಕೇಳಿದೆ. ಏಕೆ ಕೇಳಿದೆನೋ.

"ತೆಗೆದುಬಿಟ್ಟರು. ಜನ ಸಿಟ್ಟಿನಲ್ಲಿದ್ದರು. ಕ್ಷಮಿಸಿ."

"ಸುಪ್ರಭಾಳದು?"

"ಅದು ಇದೆ."

ಅಷ್ಟು ಸಾಕು ಎಂದು ಫೋನು ಇಟ್ಟೆ.

ಮತ್ತೆ ಭಾದ್ರಪದ ಬಂತು. ಕ್ಷಮಾವಣಿಯ ಬೆಳಿಗ್ಗೆ ಸರಸ್ವತಿ ಅಂಗಳದ ನಲ್ಲಿಗೆ ಹೊಸ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದಳು. ಹಳೆಯದು ಎಷ್ಟು ಒಗೆದರೂ ಹಳದಿ ಬಿಡಲಿಲ್ಲ. ಅದನ್ನು ಅವಳು ಎಸೆಯಲಿಲ್ಲ, ತಂತಿಯ ಮೇಲೆ ಹಾಕಿದ್ದಳು. ಗೇಟಿನ ಬಳಿ ಗವಿಸಿದ್ಧ ಬಂದು ನಿಂತ. ಕೂದಲು ನೆರೆತಿತ್ತು. ಕೈಮುಗಿದು, "ಅಮ್ಮಾ, ವರ್ಷದಾಗ ತಪ್ಪಾಗಿದ್ರ..." ಎಂದು ಶುರು ಮಾಡಿದ.

ಸರಸ್ವತಿ ನಲ್ಲಿ ನಿಲ್ಲಿಸಲಿಲ್ಲ. ತಲೆ ಎತ್ತದೆ, "ಏನು ತಪ್ಪು ಅಂತ ಮೊದಲು ಹೇಳಪ್ಪ. ಬೀದಿಗೆ ಕೇಳುವ ಹಾಗೆ ಹೇಳು. ಹೇಳಿ ಒಳಗೆ ಬಾ. ಪಾಯಸ ಮಾಡಿದ್ದೇನೆ" ಎಂದಳು.

ಅವನು ಚಿಲಕದ ಮೇಲೆ ಕೈಯಿಟ್ಟ. ತಂತಿಯ ಮೇಲಿನ ಬಟ್ಟೆಯನ್ನು ನೋಡಿದ. ಬಾಯಿ ತೆರೆದ. ಜೀಪಿನಲ್ಲಿದ್ದ ಪೊಲೀಸಿನವನು ಇತ್ತ ತಿರುಗಿದ. ಕೊಡ ತುಂಬಿ ನೀರು ಹೊರಚೆಲ್ಲುವವರೆಗೂ ನಾವಿಬ್ಬರೂ ಕಾದೆವು. ಅವನು ಚಿಲಕದಿಂದ ಕೈ ತೆಗೆದು ಹೊರಟುಹೋದ.

ಸರಸ್ವತಿ ನಲ್ಲಿ ನಿಲ್ಲಿಸಿದಳು. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಎಂದಿನಂತೆ ನೀರಿನಲ್ಲಿ ತೊಳೆದು ಮೆಲ್ಲಗೆ ತೊಟ್ಟಿಗೆ ಬಿಟ್ಟಳು. ಬೀಗ ಹಾಕಿರದ ಗೇಟನ್ನು ಹಾಗೆಯೇ ಬಿಟ್ಟು ನಾವು ಒಳಗೆ ಹೋದೆವು.